ನಮಗೂ ಒಬ್ಬ ಸ್ವಾಮೀಜಿ ಬೇಕೆ?

2023ರ ಮಾರ್ಚ್ ತಿಂಗಳು. ರಮಜಾನಿಗೆ ಮೂರು ದಿನ ಬಾಕಿ. ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಹತ್ತಿರ ಚಹಾದಂಗಡಿಯೊಂದರಲ್ಲಿ ಕುಳಿತಿದ್ದೆ. ಉರಿಗೌಡ, ನಂಜೇಗೌಡ ಎಂಬ ಇಬ್ಬರ ಬಗ್ಗೆ ತೆಗೆಯಬೇಕೆಂದಿದ್ದ ಸಿನಿಮಾ ನಿಂತುಹೋಯಿತೆಂಬ ಸುದ್ದಿ ಅಂದಿನ ಪತ್ರಿಕೆಗಳಲ್ಲಿತ್ತು. ಗಂಜಾಂನ ಹಿರಿಯರೊಬ್ಬರು ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟು, "ಹಮ್ನಾ ಭೀ ಐಸಾ ಏಕ್ ಸ್ವಾಮೀಜಿ ಹೋನಾ" ಎಂದರು. ನಮಗೂ ಇಂಥ ಒಬ್ಬ ಸ್ವಾಮೀಜಿ ಬೇಕು. ಕೂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಹಿರಿಯರು ತಮಾಷೆಗೆ ಹೇಳಿರಲಿಲ್ಲ. ಅಲ್ಲಿಂದೀಚೆಗೆ ಅದೇ ಮಾತನ್ನು ಪಾಂಡವಪುರದಲ್ಲಿ, ಕೆ.ಆರ್. ಪೇಟೆಯಲ್ಲಿ, ಮದುವೆ ಮನೆಗಳಲ್ಲಿ, ಮಸೀದಿಯ ಮೆಟ್ಟಿಲ ಮೇಲೆ ಎಷ್ಟೋ ಸಲ ಕೇಳಿದ್ದೇನೆ. ಅದಕ್ಕೆ ಉತ್ತರ ಕೊಡದೆ ಸುಮ್ಮನಿರುವುದು ಇನ್ನು ಸರಿಯಲ್ಲ ಅನ್ನಿಸಿದೆ.

ಮೊದಲು ಆದದ್ದೇನೆಂದು ನೆನಪಿಸಿಕೊಳ್ಳೋಣ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಸತ್ತದ್ದು ಇದೇ ಶ್ರೀರಂಗಪಟ್ಟಣದ ಕೋಟೆಯಲ್ಲಿ, ಬ್ರಿಟಿಷರ ಸೈನ್ಯದೊಡನೆ ಕಾದಾಡುತ್ತ. ಇದು ಸಾಲೆ ಮಕ್ಕಳಿಗೂ ಗೊತ್ತಿರುವ ಸಂಗತಿ. ಆದರೆ ಚುನಾವಣೆ ಹತ್ತಿರ ಬಂದಾಗ, ಟಿಪ್ಪುವನ್ನು ಕೊಂದವರು ಉರಿಗೌಡ, ನಂಜೇಗೌಡ ಎಂಬ ಇಬ್ಬರು ಒಕ್ಕಲಿಗರು ಎಂಬ ಹೊಸ ಚರಿತ್ರೆ ಹುಟ್ಟಿಕೊಂಡಿತು. 2022ರಲ್ಲಿ ಮೈಸೂರಿನ ರಂಗಾಯಣದ 'ಟಿಪ್ಪು ನಿಜಕನಸುಗಳು' ನಾಟಕದಲ್ಲಿ ಕಾಣಿಸಿಕೊಂಡ ಈ ಇಬ್ಬರು, 2023ರ ಮಾರ್ಚ್ 12ರಂದು ಪ್ರಧಾನಿಯವರು ಮಂಡ್ಯಕ್ಕೆ ಬಂದಾಗ ಸ್ವಾಗತದ ಕಮಾನಿನ ಮೇಲಕ್ಕೇ ಏರಿಬಿಟ್ಟರು. ಅಂದಿನ ತೋಟಗಾರಿಕೆ ಸಚಿವ ಮುನಿರತ್ನ ಅವರ ಹೆಸರಿನಲ್ಲಿ ಸಿನಿಮಾ ಮಾಡುವುದಾಗಿ ಘೋಷಿಸಿದರು. ಇತಿಹಾಸಕಾರರು ಆಧಾರ ಕೇಳಿದರು. ಸಾಹಿತಿಗಳು ಖಂಡಿಸಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ ಸಚಿವರನ್ನು ಕರೆಸಿದರು. ಆಧಾರವಿಲ್ಲದ ಈ ಚರ್ಚೆ ಬೇಡ ಎಂದರು. ಸಿನಿಮಾ ಅಂದೇ ನಿಂತಿತು.

ಸ್ವಾಮೀಜಿಯವರು ಮಾಡಿದ್ದು ಒಳ್ಳೆಯ ಕೆಲಸ. ಅದನ್ನು ಅರೆಮನಸ್ಸಿನಿಂದ ಹೇಳಬಾರದು. ಒಕ್ಕಲಿಗರ ಹಟ್ಟಿಗೂ ಸಾಬರ ಬೀದಿಗೂ ನಡುವೆ ಬೆಂಕಿ ಹಚ್ಚಲು ತಂದ ಕಡ್ಡಿಯನ್ನು ಅವರು ಗೀರುವ ಮೊದಲೇ ಕಿತ್ತುಕೊಂಡರು. ಆ ಮಠದ ಶಾಲೆ ಕಾಲೇಜುಗಳಲ್ಲಿ ನಮ್ಮ ಮಕ್ಕಳೂ ಓದಿದ್ದಾರೆ, ಬೆಳ್ಳೂರಿನ ಬಳಿಯ ಅವರ ಆಸ್ಪತ್ರೆಯಲ್ಲಿ ನಮ್ಮ ಹೆಂಗಸರಿಗೂ ಹೆರಿಗೆಯಾಗಿದೆ. ಈ ಋಣವನ್ನು ಮರೆತು ಮಾತಾಡುವವನು ನಾನಲ್ಲ.

ಆದರೆ ನನ್ನ ಪ್ರಶ್ನೆ ಬೇರೆ. ಒಂದು ಸುಳ್ಳನ್ನು ಸುಳ್ಳು ಎನ್ನಲು ಈ ರಾಜ್ಯದಲ್ಲಿ ವಿಶ್ವವಿದ್ಯಾಲಯಗಳಿಗೆ ಆಗಲಿಲ್ಲ, ಪತ್ರಾಗಾರಕ್ಕೆ ಆಗಲಿಲ್ಲ, ಚುನಾಯಿತ ಸರ್ಕಾರಕ್ಕಂತೂ ಮನಸ್ಸೇ ಇರಲಿಲ್ಲ. ಒಬ್ಬ ಮಠಾಧೀಶರು ಬೇಕಾಯಿತು. ಹಾಗಾದರೆ ಅವರು ಅಂದು ಸುಮ್ಮನಿದ್ದಿದ್ದರೆ?

ದೂರ ಹೋಗಬೇಕಿಲ್ಲ. ಸಿನಿಮಾ ನಿಂತ ನಾಲ್ಕನೇ ದಿನ, ಮಾರ್ಚ್ 24. ರಮಜಾನಿನ ಮೊದಲ ರೋಜಾ, ಮೊದಲ ಜುಮಾ. ಅಂದು ರಾಜ್ಯ ಸಂಪುಟ 2ಬಿ ಪ್ರವರ್ಗದಲ್ಲಿ ಮುಸ್ಲಿಮರಿಗಿದ್ದ ಶೇಕಡಾ 4 ಮೀಸಲಾತಿಯನ್ನು ರದ್ದು ಮಾಡಿತು. ಅದನ್ನು ಎರಡು ಹೋಳು ಮಾಡಿ ಒಕ್ಕಲಿಗರಿಗೆ ಶೇಕಡಾ 2, ಲಿಂಗಾಯತರಿಗೆ ಶೇಕಡಾ 2 ಹಂಚಿತು. ಹಂಚಿಕೆಗೆ ಮುಂಚೆ ವರ್ಷಗಟ್ಟಲೆ ಮಠಗಳ ಒತ್ತಡವಿತ್ತು. 2021ರಲ್ಲಿ ಪಂಚಮಸಾಲಿ ಪೀಠದ ಬಸವ ಜಯಮೃತ್ಯುಂಜಯ ಸ್ವಾಮೀಜಿ ಕೂಡಲಸಂಗಮದಿಂದ ಬೆಂಗಳೂರಿಗೆ ಪಾದಯಾತ್ರೆ ಮಾಡಿದ್ದರು. ಒಕ್ಕಲಿಗರ ಪಾಲು ಹೆಚ್ಚಿಸಬೇಕೆಂಬ ಕೂಗಿಗೂ ಮಠದ ಬೆಂಬಲವಿತ್ತು. ಅವರು ಕೇಳಿದ್ದು ತಮ್ಮ ಜನಕ್ಕೆ ಹೆಚ್ಚು ಕೊಡಿ ಎಂದು. ಸರ್ಕಾರ ಯಾರ ತಟ್ಟೆಯಿಂದ ತೆಗೆಯಿತು ಎಂಬುದು ನಮಗೆ ಗೊತ್ತು. ನಮ್ಮ ಹಕ್ಕು ಉಳಿದದ್ದು ಯಾವ ಮಠದಿಂದಲೂ ಅಲ್ಲ, ಯಾವ ದರ್ಗಾದಿಂದಲೂ ಅಲ್ಲ. ಏಪ್ರಿಲ್ ತಿಂಗಳಲ್ಲಿ ಸುಪ್ರೀಂ ಕೋರ್ಟು ಈ ತೀರ್ಮಾನದ ಬುಡವೇ ಅಲುಗಾಡುತ್ತಿದೆ ಎಂಬರ್ಥದ ಮಾತು ಹೇಳಿದ ಮೇಲೆ ಸರ್ಕಾರ ಅದನ್ನು ಜಾರಿಗೆ ತರುವುದಿಲ್ಲವೆಂದು ಒಪ್ಪಿಕೊಂಡಿತು. ಒಂದು ಅರ್ಜಿ, ಕೆಲವು ವಕೀಲರು, ಚಿನ್ನಪ್ಪ ರೆಡ್ಡಿ ಆಯೋಗದಂಥವರು ಹಿಂದೆಯೇ ಬರೆದಿಟ್ಟ ವರದಿಗಳು. ಅಷ್ಟೆ.

ಇನ್ನೊಂದು ಸಂಗತಿ. 2024ರ ನವೆಂಬರ್ 26, ಸಂವಿಧಾನದ ದಿನ. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ವಕ್ಫ್ ವಿಚಾರವಾಗಿ ರೈತರ ಪ್ರತಿಭಟನೆ. ಅಲ್ಲಿ ವಿಶ್ವ ಒಕ್ಕಲಿಗರ ಮಹಾಸಂಸ್ಥಾನದ ಚಂದ್ರಶೇಖರನಾಥ ಸ್ವಾಮೀಜಿ ಮುಸ್ಲಿಮರಿಗೆ ಮತದಾನದ ಹಕ್ಕೇ ಇಲ್ಲದಂತೆ ಮಾಡಬೇಕೆಂದು ಹೇಳಿದರು. ಮರುದಿನ ಬಾಯಿತಪ್ಪಿನಿಂದ ಬಂದ ಮಾತೆಂದು ವಿಷಾದ ಸೂಚಿಸಿದರು. ಅವರು 2025ರಲ್ಲಿ ತೀರಿಕೊಂಡರು. ತೀರಿಕೊಂಡವರ ಬಗ್ಗೆ ಕೆಟ್ಟದಾಡುವುದು ನನ್ನ ಉದ್ದೇಶವಲ್ಲ. ಗಂಜಾಂನ ಹಿರಿಯರಿಗೆ ನಾನು ಕೇಳಬೇಕಾದದ್ದು ಇಷ್ಟೆ: ಚಾಚಾ, ಒಂದೇ ಸಮುದಾಯ, ಎರಡು ಮಠ. ಒಬ್ಬರು ನಮ್ಮ ಮೇಲೆ ಬೀಳಲಿದ್ದ ಸುಳ್ಳನ್ನು ತಡೆದರು, ಇನ್ನೊಬ್ಬರು ನಮ್ಮ ಓಟನ್ನೇ ಕೇಳಿದರು. ನಮ್ಮ ಬದುಕು ಯಾರ ಬಾಯಲ್ಲಿ ಏನು ಬರುತ್ತದೆ ಎಂಬುದರ ಮೇಲೆ ನಿಲ್ಲಬೇಕೆ?

ಮಠಗಳಿಗೆ ಇಷ್ಟು ಬಲ ಎಲ್ಲಿಂದ ಬಂತು? ನಾವೇ ಕೊಟ್ಟದ್ದು. ನಾಮಪತ್ರ ಸಲ್ಲಿಸುವ ಅಭ್ಯರ್ಥಿ ಮೊದಲು ಮಠದ ಮೆಟ್ಟಿಲು ಹತ್ತುತ್ತಾನೆ, ಇಳಿದು ಬಂದು ದರ್ಗಾಕ್ಕೆ ಚಾದರ ಹೊದಿಸುತ್ತಾನೆ. ಆಸ್ಪತ್ರೆಯಲ್ಲಿ ಡಾಕ್ಟರಿದ್ದಾರೆಯೇ ಎಂದು ಕೇಳುವ ವೇಳೆ ಅವನಿಗೂ ಇಲ್ಲ, ನಮಗೂ ಇಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ ಹುಟ್ಟಿದ ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, 2020ರ ಜನವರಿಯಲ್ಲಿ ಹರಿಹರದ ವೇದಿಕೆಯ ಮೇಲೆ ಸ್ವಾಮೀಜಿಯೊಬ್ಬರು ಇಂಥವರನ್ನು ಮಂತ್ರಿ ಮಾಡಿ ಎಂದು ಮುಖಕ್ಕೆ ಹೇಳಿದರು. ಯಡಿಯೂರಪ್ಪನವರು ಸಿಟ್ಟಾಗಿ ಎದ್ದು ನಿಂತದ್ದನ್ನು ರಾಜ್ಯವೇ ಟೀವಿಯಲ್ಲಿ ನೋಡಿತು. ಅಂದು ನಾನು ಅವರನ್ನು ಮೆಚ್ಚಿದ್ದೆ. ಒಂದೂವರೆ ವರ್ಷ ಕಳೆದು, 2021ರ ಜುಲೈನಲ್ಲಿ, ಅವರ ಕುರ್ಚಿ ಅಲುಗಾಡಿದಾಗ ಹತ್ತಾರು ಮಠಾಧೀಶರು ಸಾಲುಗಟ್ಟಿ ಅವರ ಮನೆಗೆ ಬಂದು, ಇವರನ್ನು ಇಳಿಸಬಾರದೆಂದು ಹೇಳಿಕೆ ಕೊಟ್ಟರು. ಅಂದು ಸಿಟ್ಟು ಬರಲಿಲ್ಲ. ಕುರ್ಚಿ ಹೋಯಿತು, ಅದು ಬೇರೆ ಮಾತು.

ಇಷ್ಟು ಹೊತ್ತು ಓದಿ ತಲೆದೂಗುತ್ತಿರುವ ನನ್ನ ಮುಸ್ಲಿಂ ಓದುಗರು ಈಗ ಸ್ವಲ್ಪ ತಡೆಯಬೇಕು. ನಮ್ಮ ಮನೆಯ ಲೆಕ್ಕವನ್ನೂ ನೋಡೋಣ.

ಇಸ್ಲಾಮಿನಲ್ಲಿ ಪೌರೋಹಿತ್ಯವಿಲ್ಲ, ಅಲ್ಲಾಹನಿಗೂ ಬಂದೆಗೂ ನಡುವೆ ದಲ್ಲಾಳಿ ಇಲ್ಲ ಎಂದು ನಾವು ಸೀರತ್ ಸಭೆಗಳಲ್ಲಿ ಎದೆ ತಟ್ಟಿ ಹೇಳುತ್ತೇವೆ. ಸಭೆ ಮುಗಿದ ಮೇಲೆ ಹಜರತ್ ಏನೆನ್ನುತ್ತಾರೋ ಎಂದು ಕಾಯುತ್ತೇವೆ. 1985ರಲ್ಲಿ ಇಂದೂರಿನ ಶಾಬಾನೊ, ಅರವತ್ತು ದಾಟಿದ ಹೆಂಗಸು, ಗೆದ್ದದ್ದು ತಿಂಗಳಿಗೆ 179 ರೂಪಾಯಿ 20 ಪೈಸೆ. ಸುಪ್ರೀಂ ಕೋರ್ಟು ಕೊಡಿಸಿತು. ವಿಚ್ಛೇದಿತೆಯರಿಗೆ ನ್ಯಾಯವಾದ ನಿರ್ವಹಣೆ ಕೊಡಬೇಕೆನ್ನುವ ಸೂರಃ ಬಖರಾದ 241ನೇ ಆಯತನ್ನೂ ಆ ತೀರ್ಪು ಎತ್ತಿ ಹೇಳಿತ್ತು. ಆಗ ನಮ್ಮ ಉಲೇಮಾಗಳು ಬೀದಿಗಿಳಿದರು. ಆ ಮುದುಕಿ ತನಗೆ ತೀರ್ಪೇ ಬೇಡವೆಂದು ಹೇಳುವಂತಾಯಿತು. 1986ರ ಫೆಬ್ರವರಿಯಲ್ಲಿ ಅಯೋಧ್ಯೆಯ ಬೀಗ ತೆರೆಯಿತು, ಮೇ ತಿಂಗಳಲ್ಲಿ ತೀರ್ಪನ್ನು ಮೀರುವ ಕಾಯಿದೆ ಬಂತು. ಸಾಧುಗಳಿಗೆ ಒಂದು, ಮೌಲವಿಗಳಿಗೆ ಒಂದು. ದೆಹಲಿಯ ಸರ್ಕಾರ ತಕ್ಕಡಿ ಸಮ ಮಾಡಿತು. ಶಾಬಾನೊ ಯಾವ ತಟ್ಟೆಯಲ್ಲೂ ಇರಲಿಲ್ಲ. 2024ರ ಜುಲೈ 10ರಂದು ಅದೇ ಸುಪ್ರೀಂ ಕೋರ್ಟು, ಜೀವನಾಂಶದ ಸಾಮಾನ್ಯ ಕಾನೂನು ಮುಸ್ಲಿಂ ಹೆಂಗಸರಿಗೂ ಅನ್ವಯಿಸುತ್ತದೆ ಎಂದಿತು. ಹೊರಟಲ್ಲಿಗೇ ಬಂದು ಮುಟ್ಟಲು ಮೂವತ್ತೊಂಬತ್ತು ವರ್ಷ ಹಿಡಿಯಿತು. ಈ ನಡುವೆ ಎಷ್ಟು ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ತವರಿನ ಜಗಲಿಗೆ ಬಂದು ಕೂತರು, ಎಷ್ಟು ಮಂದಿ ಬೀಡಿ ಕಟ್ಟಿ, ರೇಷ್ಮೆ ಬಿಚ್ಚಿ ಕಣ್ಣು ಕಳೆದುಕೊಂಡರು, ಲೆಕ್ಕ ಇಟ್ಟವರಿಲ್ಲ.

ತಲಾಖಿನ ಕತೆಯೂ ಇದೇ. ಒಂದೇ ಉಸಿರಿನ ಮೂರು ತಲಾಖ್ ಪಾಪ ಎಂದು ಮೌಲವಿಗಳೇ ಒಪ್ಪುತ್ತಿದ್ದರು, ಪಾಪವಾದರೂ ತಲಾಖ್ ಆಗಿಯೇ ಆಯಿತು ಎನ್ನುತ್ತಿದ್ದರು. ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಬರೆದು ಎಂಬತ್ತರ ದಶಕದಲ್ಲೇ ಈ ಗಾಯವನ್ನು ತೋರಿಸಿದ್ದರು. ಅವರಿಗೆ ಸಿಕ್ಕಿದ್ದು ಬೈಗುಳ. ನಿಕಾಹ್ ಓದಿಸುವ ಖಾಜಿಗಳಿಗೆ ಸಲಹೆ ಕಳಿಸುತ್ತೇವೆ ಎಂದು ಪರ್ಸನಲ್ ಲಾ ಬೋರ್ಡು ಹೇಳಿದ್ದು 2017ರಲ್ಲಿ, ಅದೂ ಸುಪ್ರೀಂ ಕೋರ್ಟಿನ ಕಟಕಟೆಯಲ್ಲಿ ನಿಂತಾಗ. ಆ ಹೊತ್ತಿಗೆ ತಡವಾಗಿತ್ತು. ನಾವು ಮಾಡದೆ ಬಿಟ್ಟ ಸುಧಾರಣೆಯನ್ನು ನಮ್ಮ ಮೇಲೆ ಪ್ರೀತಿಯಿಲ್ಲದವರು 2019ರಲ್ಲಿ ಮಾಡಿದರು, ಜೊತೆಗೆ ಗಂಡನಿಗೆ ಮೂರು ವರ್ಷದವರೆಗೆ ಜೈಲನ್ನೂ ಸೇರಿಸಿದರು. ಆ ಕಾಯಿದೆಯನ್ನು ಬರೆದವರ ಮೇಲೆ ನನಗೆ ಎಷ್ಟು ಸಿಟ್ಟಿದೆಯೋ, ಅವರಿಗೆ ಅವಕಾಶ ಮಾಡಿಕೊಟ್ಟವರ ಮೇಲೆ ಅದಕ್ಕಿಂತ ಹೆಚ್ಚಿದೆ.

2022ರ ಫೆಬ್ರವರಿಯಲ್ಲಿ ಮಂಡ್ಯದ ಕಾಲೇಜಿನ ಹುಡುಗಿಯೊಬ್ಬಳು ಕೇಸರಿ ಶಾಲಿನ ಗುಂಪಿಗೆ ಎದುರಾಗಿ ನಿಂತಳು. ಅವಳಿಗೆ ದೊಡ್ಡ ಉಲೇಮಾ ಸಂಘಟನೆಯೊಂದು ಐದು ಲಕ್ಷ ರೂಪಾಯಿ ಬಹುಮಾನ ಸಾರಿತು. ಹುಡುಗಿಯ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ನಮ್ಮ ಹೆಣ್ಣು ಧೈರ್ಯ ತೋರಿದಾಗಲೆಲ್ಲ ಹೀಗೆ ಬಹುಮಾನ ಬಂದಿದೆಯೆ? 2000ದಲ್ಲಿ ಹಾಸನದಲ್ಲಿ ಬಾನು ಮುಷ್ತಾಕ್, ಹೆಂಗಸರು ಮಸೀದಿಗೆ ಬಂದು ನಮಾಜ್ ಮಾಡಬಹುದು ಎಂದರು. ಅವರಿಗೆ ಸಿಕ್ಕಿದ್ದು ಮೂರು ತಿಂಗಳ ಬಹಿಷ್ಕಾರ. ಎದುರಾಳಿ ಹೊರಗಿನವನಾದರೆ ಐದು ಲಕ್ಷ, ಒಳಗಿನವನಾದರೆ ಬಹಿಷ್ಕಾರ.

ಧರ್ಮಗುರುಗಳ ಮಾತು ಕಾನೂನಿನೊಳಗೆ ಬಂದು ಕೂತರೆ ಏನಾಗುತ್ತದೆ ಎಂಬುದು ನಮ್ಮ ದೇಶದ ಪಾಡು ಮಾತ್ರವಲ್ಲ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ ಐರ್ಲೆಂಡಿನ ಗಾಲ್ವೇ ಆಸ್ಪತ್ರೆಯಲ್ಲಿ 2012ರ ಅಕ್ಟೋಬರ್ 28ರಂದು ಸತ್ತರು. ಹದಿನೇಳು ವಾರದ ಬಸಿರು ಉಳಿಯುವುದಿಲ್ಲವೆಂದು ಗೊತ್ತಾಗಿತ್ತು. ತೆಗೆದುಬಿಡಿ ಎಂದು ಆಕೆ ಬೇಡಿಕೊಂಡರು. ಮಗುವಿನ ಎದೆಬಡಿತ ನಿಲ್ಲುವವರೆಗೂ ವೈದ್ಯರು ಕಾದರು, ಅಷ್ಟರಲ್ಲಿ ಆಕೆಯ ರಕ್ತಕ್ಕೆ ನಂಜೇರಿತ್ತು. ಇದು ಕ್ಯಾಥೊಲಿಕ್ ದೇಶ ಎಂದು ದಾದಿಯೊಬ್ಬರು ಹೇಳಿದ್ದು ಮರಣ ವಿಚಾರಣೆಯಲ್ಲಿ ಹೊರಬಂತು. ಸವಿತಾ ಹಿಂದೂ. 1983ರಲ್ಲಿ ಪಾದ್ರಿಗಳ ಒತ್ತಾಸೆಯಿಂದ ಆ ದೇಶದ ಸಂವಿಧಾನದೊಳಗೆ ಸೇರಿದ ಒಂದು ಸಾಲು ಕನ್ನಡ ನಾಡಿನ ಹೆಣ್ಣುಮಗಳ ಪ್ರಾಣ ತೆಗೆಯಿತು. 2018ರಲ್ಲಿ ಅಲ್ಲಿನ ಜನ ಮತ ಹಾಕಿ ಆ ಸಾಲನ್ನು ಕಿತ್ತುಹಾಕಿದರು. ಹಾಕಿದವರಲ್ಲಿ ಚರ್ಚಿಗೆ ಹೋಗುವವರು ಬಹಳ ಮಂದಿ ಇದ್ದರು. ಅವರು ಧರ್ಮ ಬಿಟ್ಟಿರಲಿಲ್ಲ, ತಮ್ಮ ಸಹಿ ಹಾಕುವ ಅಧಿಕಾರವನ್ನು ಪಾದ್ರಿಗಳ ಕೈಯಿಂದ ವಾಪಸು ಪಡೆದಿದ್ದರು.

ಧರ್ಮಗುರುಗಳು ನಾಗರಿಕರಲ್ಲವೆ, ಅವರಿಗೆ ಮಾತಾಡುವ ಹಕ್ಕಿಲ್ಲವೆ ಎಂದು ಕೇಳುವವರಿದ್ದಾರೆ. ಖಂಡಿತ ಇದೆ. ಮೌಲಾನಾ ಆಜಾದ್ ದೊಡ್ಡ ಆಲಿಮರೇ. ಅವರು ವಾದ ಮಾಡಿದರು, ಜನ ಒಪ್ಪಿದರು, ಬಿಟ್ಟರು. ನನ್ನ ಹೆಂಡತಿಯ, ಮಗಳ ಪರವಾಗಿ ಸಹಿ ಹಾಕಲು ಅವರಿಗೆ ಯಾರೂ ಮುಖ್ತಿಯಾರ್‌ನಾಮಾ ಬರೆದುಕೊಟ್ಟಿರಲಿಲ್ಲ. ಮಾತಾಡುವುದು ಬೇರೆ, ಇಡೀ ಜಾತಿಯ ಪರವಾಗಿ ಹೆಬ್ಬೆಟ್ಟು ಒತ್ತುವುದು ಬೇರೆ.

ಮಂಡ್ಯದ ಮಣ್ಣಿಗೆ ಬೇರೆ ದಾರಿ ಗೊತ್ತಿಲ್ಲ ಎನ್ನುವಂತಿಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಚೆಲುವನಾರಾಯಣನ ಪಾದದ ಬಳಿ ಬೀಬಿ ನಾಚ್ಚಿಯಾರ್ ಇಂದಿಗೂ ಇದ್ದಾಳೆ. ಅಲ್ಲಿನ ಆರತಿಯ ಹೆಸರಿನಲ್ಲಿದ್ದ 'ಸಲಾಂ' ಮಾತ್ರ ಇರಬಾರದೆಂದು 2022ರಲ್ಲಿ ತೀರ್ಮಾನಿಸಿದರು, ಇರಲಿ. ಅದೇ ಪಾಂಡವಪುರದಿಂದ ಕೆ.ಎಸ್. ಪುಟ್ಟಣ್ಣಯ್ಯ ಹಸಿರು ಶಾಲು ಹೊದ್ದು ವಿಧಾನಸಭೆಗೆ ಹೋದರು. ಕಬ್ಬಿನ ಬಾಕಿ ಹಣ, ಕಾವೇರಿ ನೀರು, ಕಾರ್ಖಾನೆಯ ಬಾಗಿಲು, ಇವೇ ಅವರ ಭಾಷಣ. ಆಲೆಮನೆಯ ಗೌಡರೂ ಗಾಡಿ ಹೊಡೆಯುವ ಸಾಬರೂ ಅದೇ ಶಾಲು ಹೊದ್ದಿದ್ದನ್ನು ನಾನು ಕಂಡಿದ್ದೇನೆ. 2018ರಲ್ಲಿ ಅವರು ತೀರಿಕೊಂಡಾಗ ನಮ್ಮ ಮೊಹಲ್ಲಾದಲ್ಲೂ ಒಲೆ ಹಚ್ಚದ ಮನೆಗಳಿದ್ದವು.

2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣಪತಿ ಮೆರವಣಿಗೆಯ ವೇಳೆ ಗಲಭೆಯಾಗಿ ಎರಡೂ ಕಡೆಯವರ ಅಂಗಡಿಗಳು ಸುಟ್ಟವು. ಐವತ್ತಕ್ಕೂ ಹೆಚ್ಚು ಜನರ ಬಂಧನವಾಯಿತು. ಎಲ್ಲೇ ಇಂಥದ್ದಾದರೂ ನಮ್ಮಲ್ಲಿ ಶಾಂತಿ ಸಭೆ ಎಂದರೆ ಮುಂದಿನ ಸಾಲಿನಲ್ಲಿ ಕಾವಿ, ಪಕ್ಕದಲ್ಲಿ ಜುಬ್ಬಾ ಟೋಪಿ, ಫೋಟೋ, ಹಾರ. ಸಾಲ ಮಾಡಿ ಬಟ್ಟೆ ತುಂಬಿಸಿದ್ದ ಅಂಗಡಿಯವನು ಬಾಗಿಲ ಹೊರಗೆ. ಪರಿಹಾರದ ಅರ್ಜಿಗೆ ಯಾವ ಕಾಗದ ಲಗತ್ತಿಸಬೇಕೆಂದು ಹೇಳುವವರು ಆ ಸಾಲಿನಲ್ಲಿ ಒಬ್ಬರೂ ಇರುವುದಿಲ್ಲ.

ಜಾತಿ ಸಮೀಕ್ಷೆಯ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಅದು ನಮ್ಮ ಮನೆ ಬಾಗಿಲಿಗೇ ಬಂತು. 2015ರಲ್ಲಿ ನಡೆದ ಸಮೀಕ್ಷೆಯ ವರದಿ 2024ರ ಫೆಬ್ರವರಿಯವರೆಗೂ ಸರ್ಕಾರದ ಕೈ ಸೇರಲಿಲ್ಲ. ಅದನ್ನು ಒಪ್ಪಬಾರದು, ಹೊಸದಾಗಿ ಎಣಿಸಬೇಕೆಂದು 2023ರಲ್ಲೇ ಸಲ್ಲಿಸಿದ ಮನವಿಗೆ ಒಕ್ಕಲಿಗ ನಾಯಕರ ಜೊತೆ, ಸಿನಿಮಾ ನಿಲ್ಲಿಸಿದ ಅದೇ ನಿರ್ಮಲಾನಂದನಾಥ ಸ್ವಾಮೀಜಿಯವರೂ ಸಹಿ ಹಾಕಿದ್ದರು. ಲಿಂಗಾಯತ ಮಠಗಳೂ ವಿರೋಧಿಸಿದವು. ಕೊನೆಗೆ ಹಳೆಯದನ್ನು ಬದಿಗಿಟ್ಟು 2025ರ ಸೆಪ್ಟೆಂಬರ್ 22ರಂದು ಹೊಸ ಸಮೀಕ್ಷೆ ಶುರುವಾಯಿತು. ಅದೇ ದಿನ ಬೆಳಿಗ್ಗೆ ಚಾಮುಂಡಿ ಬೆಟ್ಟದಲ್ಲಿ ಬಾನು ಮುಷ್ತಾಕ್ ದಸರಾ ಉದ್ಘಾಟಿಸಿದರು. ಬೇಡವೆಂದು ಕೋರ್ಟಿಗೆ ಹೋದವರನ್ನು ಹೈಕೋರ್ಟೂ ಸುಪ್ರೀಂ ಕೋರ್ಟೂ ವಾಪಸು ಕಳಿಸಿದ್ದವು.

ಸಮೀಕ್ಷೆಯಲ್ಲಿ ಜಾತಿ ಎಂಬ ಕಡೆ ಎಲ್ಲರೂ 'ಮುಸ್ಲಿಂ' ಎಂದಷ್ಟೇ ಬರೆಸಿ, ಒಗ್ಗಟ್ಟು ಕಾಣಬೇಕು ಎಂದು ನಾನು ಹೋಗುವ ಮಸೀದಿಯಲ್ಲಿ ಜುಮಾ ಆದ ಮೇಲೆ ಹೇಳಿದರು. ಎದ್ದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಅದು ನನ್ನ ತಪ್ಪು. ಪಿಂಜಾರ, ನದಾಫ್, ಚಪ್ಪರಬಂದ್, ನಾಲಬಂದ್ ಇವರೆಲ್ಲ ಪ್ರವರ್ಗ 1ರಲ್ಲಿದ್ದಾರೆ, ಅತಿ ಹಿಂದುಳಿದವರೆಂದು. 'ಮುಸ್ಲಿಂ' ಎಂದು ಬರೆಸಿದ ಪಿಂಜಾರ ಎಣಿಕೆಯಲ್ಲಿ ಕಾಣೆಯಾಗುತ್ತಾನೆ, ನಾಳೆ ಅವನ ಮಗನ ಸೀಟೂ ಕಾಣೆಯಾಗುತ್ತದೆ. ಒಗ್ಗಟ್ಟಿನ ಹೆಸರಿನಲ್ಲಿ ಬಡವನ ಪಾಲಿಗೆ ಬತ್ತಿ.

ಆ ವಾರ ಕೆ.ಆರ್. ಪೇಟೆಯಲ್ಲಿ ನಂಟರ ಮನೆಗೆ ಹೋಗಿದ್ದೆ. ಪಕ್ಕದ ಮನೆಯಲ್ಲಿ ಹಾಸಿಗೆ ಹೊಲಿಯುವ ಮುದುಕಿ. ಸಮೀಕ್ಷೆಯ ಮೇಷ್ಟ್ರು ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಒತ್ತಿಕೊಳ್ಳುತ್ತಿದ್ದರು.

"ಜಾತಿ ಏನಂತ ಬರ್ಕೊಳ್ಳಿ, ಅಜ್ಜಿ? ಮುಸ್ಲಿಂ ಅಂತ್ಲೇ ಹಾಕ್ಲಾ? ಎಲ್ಲಾರೂ ಹಂಗೇ ಹೇಳ್ತಾವ್ರೆ."

ಮಗ ಒಳಗಿನಿಂದ, ಹಜರತ್ ಹೇಳಿದ್ದು ಅದೇ ಎಂದ. ಮುದುಕಿ ಅತ್ತ ತಿರುಗಲೂ ಇಲ್ಲ.

"ಹತ್ತಿ ಬಡಿದು ಬಡಿದು ಕೆಮ್ಮು ಬಂದಿರಾದು ನಂಗೆ. ಪಿಂಜಾರ ಅಂತ ಬರ್ಕಳಿ ಮೇಷ್ಟ್ರೇ."