ಮನೆವಾರ್ತೆ: ಓಟದ ಕುದುರೆಗೆ ಸಂಸಾರದ ನೊಗ

ಕಾರು ಕೊಳ್ಳುವ ಮಾತು ಎದ್ದಿತೆಂದರೆ ನಮ್ಮ ಮನೆಗಳಲ್ಲಿ ಕೂಡಲೇ ಎರಡು ಪಕ್ಷಗಳಾಗುವುದುಂಟು. ಒಂದು ಪಕ್ಷಕ್ಕೆ ಡಿಕ್ಕಿಯಲ್ಲಿ ಎಷ್ಟು ಸಾಮಾನು ಹಿಡಿಸುತ್ತದೆ, ಅಜ್ಜಿ ಮಂಡಿ ಹಿಡಿದುಕೊಳ್ಳದೆ ಒಳಗೆ ಕೂರಬಲ್ಲರೇ, ಲೀಟರಿಗೆ ಎಷ್ಟು ಓಡುತ್ತದೆ ಎಂಬ ಚಿಂತೆ. ಇನ್ನೊಂದು ಪಕ್ಷಕ್ಕೆ ಅಶ್ವಶಕ್ತಿ ಎಷ್ಟು, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡಿನಲ್ಲಿ ಏರುತ್ತದೆ ಎಂಬುದೇ ಧ್ಯಾನ. ಮೊದಲನೆಯ ಪಕ್ಷದಲ್ಲಿ ಹಿರಿಯರು, ಎರಡನೆಯದರಲ್ಲಿ ಮಗ. ಈಚೆಗೆ ಮಗಳೂ ಅದೇ ಪಕ್ಷವನ್ನು ಸೇರುತ್ತಿರುವಳು. ಸಾಲದ ಕಂತು ಕಟ್ಟಬೇಕಾದ ಯಜಮಾನರು ಮಾತ್ರ ಎರಡು ಪಕ್ಷಕ್ಕೂ ಸೇರದೆ ವರ್ತಮಾನಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡಿರುವರು. ಈ ಸಲದ ಮನೆವಾರ್ತೆಯಲ್ಲಿ ಆ ಎರಡು ಪಕ್ಷಗಳ ವಾದವನ್ನೂ ಕೇಳೋಣ.

ಓಟದ ಯಂತ್ರವನ್ನು ನಾಲ್ಕು ಬಾಗಿಲಿನ ಮನೆಗಾಡಿಯೊಳಗೆ ಕೂರಿಸುವ ಯೋಚನೆ ಹೊಸದಲ್ಲ. 1959ರಲ್ಲಿ ಬಂದ ಜಾಗ್ವಾರ್ ಮಾರ್ಕ್ 2 ಎಂಬ ಕಾರಿಗೆ 3.8 ಲೀಟರಿನ, 220 ಅಶ್ವಶಕ್ತಿಯ ಯಂತ್ರವೂ ದೊರೆಯುತ್ತಿತ್ತು. ಬ್ರಿಟನ್ನಿನಲ್ಲಿ ಅದನ್ನು ಪೊಲೀಸರೂ ಮೆಚ್ಚಿದರು, ಕಳ್ಳರೂ ಮೆಚ್ಚಿದರು! 1980ರ ದಶಕದ ನಡುವಿನಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪೆನಿಯವರು ಎಂ5 ಎಂಬುದನ್ನು ತಂದರು. ನೋಡಲು ಕಚೇರಿಗೆ ಹೋಗುವ ಸಭ್ಯ ಗೃಹಸ್ಥ. ಒಳಗೆ 286 ಅಶ್ವಶಕ್ತಿ. 1990ರಲ್ಲಿ ಮರ್ಸಿಡಿಸ್ ಕಂಪೆನಿಯವರು 500 ಇ ಎಂಬ ಕಾರನ್ನು ತಂದಾಗ, ಅದನ್ನು ಕಟ್ಟುವ ಕೆಲಸದಲ್ಲಿ ಓಟದ ಕಾರುಗಳಿಗೆ ಹೆಸರಾದ ಪೋರ್ಷ ಕಂಪೆನಿಯವರೇ ಕೈಗೂಡಿಸಿದರು. ವಾರವೆಲ್ಲ ಮಕ್ಕಳನ್ನು ಶಾಲೆಗೆ ಬಿಟ್ಟು, ಭಾನುವಾರ ವೇಗಮಿತಿಯಿಲ್ಲದ ಹೆದ್ದಾರಿಯಲ್ಲಿ ಹಾರುವ ಗಾಡಿ ಅದು. ಆದರೆ ಆ ವೇಗಮಿತಿಯಿಲ್ಲದ ಹೆದ್ದಾರಿ ಇರುವುದು ಜರ್ಮನಿಯಲ್ಲಿ, ನಿಪ್ಪಾಣಿಯ ಬಳಿಯಲ್ಲಲ್ಲ.

ನಮ್ಮಲ್ಲಿ ಹಿರಿಯರ ಕಾಲಕ್ಕೆ ಇದ್ದವು ಅಂಬಾಸಿಡರ್ ಮತ್ತು ಫಿಯಟ್. ಮುಂದೆ ಪದ್ಮಿನಿ ಎಂಬ ಹೆಸರು ಹೊತ್ತ ಆ ಫಿಯಟ್ಟಿನ ಯಂತ್ರ 1089 ಸಿ.ಸಿ.ಯದು, ಅದರ ಬಲ ನಲವತ್ತು ಅಶ್ವಶಕ್ತಿಯ ಆಸುಪಾಸು. ಅಷ್ಟರಲ್ಲಿಯೇ ಆರು ಜನ ಕುಳಿತು, ಮೇಲೆ ಹಾಸಿಗೆ ಸುರುಳಿ ಕಟ್ಟಿಕೊಂಡು, ಘಟ್ಟ ಹತ್ತಿ ಊರು ಸೇರಿದ್ದುಂಟು. ಅದೇ ಪದ್ಮಿನಿ 2023ರ ಅಕ್ಟೋಬರಿನಲ್ಲಿ ಮುಂಬಯಿಯ ಟ್ಯಾಕ್ಸಿ ಸಾಲಿನಿಂದಲೂ ಮರೆಯಾಯಿತು. ಆ ಹೊತ್ತಿಗೆ ನಮ್ಮ ಮಧ್ಯಮ ವರ್ಗದವರು ನೋಡುವ ಕಾರುಗಳಲ್ಲಿಯೇ ಅದರ ನಾಲ್ಕರಷ್ಟು ಬಲ ಬಂದುಬಿಟ್ಟಿತ್ತು.

ಈಗ ಹೋಲಿಕೆಗೆ ಬರೋಣ. ಮೂರು ಅಂತಸ್ತುಗಳನ್ನು ಇಟ್ಟುಕೊಂಡರೆ ಲೆಕ್ಕ ಸುಲಭವಾಗುತ್ತದೆ.

ಮೇಲಿನ ಅಂತಸ್ತಿನಲ್ಲಿ ಬಿ.ಎಂ.ಡಬ್ಲ್ಯು. ಎಂ340ಐ. 2021ರ ಮಾರ್ಚಿಯಲ್ಲಿ ಬಂದ ಈ ಕಾರನ್ನು ಚೆನ್ನೈಯ ಬಳಿಯ ಕಾರ್ಖಾನೆಯಲ್ಲಿಯೇ ಜೋಡಿಸಲಾಯಿತು. ಆರು ಸಿಲಿಂಡರಿನ 3 ಲೀಟರ್ ಯಂತ್ರ, ಬಂದಾಗ 387 ಅಶ್ವಶಕ್ತಿ, ನಾಲ್ಕು ಚಕ್ರಕ್ಕೂ ಬಲ. ನೂರು ಕಿಲೋಮೀಟರ್ ವೇಗ ಮುಟ್ಟಲು ಕಂಪೆನಿ ಹೇಳಿದ್ದು 4.4 ಸೆಕೆಂಡ್. ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಮುಂದಿನ ಸಿಗ್ನಲ್ಲು!

ನಡುವಿನ ಅಂತಸ್ತಿನಲ್ಲಿ ಸ್ಕೋಡಾ ಆಕ್ಟೇವಿಯಾ ಆರ್.ಎಸ್. 2025ರ ಅಕ್ಟೋಬರಿನಲ್ಲಿ ಇದು ಹೊರದೇಶದಿಂದಲೇ ಪೂರ್ತಿ ತಯಾರಾಗಿ, ದೇಶಕ್ಕೆಲ್ಲ ಬರೀ ನೂರು ಕಾರುಗಳ ಲೆಕ್ಕದಲ್ಲಿ ಬಂದಿತು. 2 ಲೀಟರಿನ ಯಂತ್ರ, 265 ಅಶ್ವಶಕ್ತಿ, 6.4 ಸೆಕೆಂಡ್. ಹಿಂದಿನ ಗಾಜೂ ಸೇರಿ ಇಡೀ ಬಾಗಿಲೇ ಮೇಲಕ್ಕೇಳುವುದರಿಂದ ಸುಮಾರು 600 ಲೀಟರಿನ ಡಿಕ್ಕಿಗೆ ಮೂಟೆಯನ್ನು ಇಳಿಸುವುದು ಸುಲಭ. ಬೆಲೆ ಬಂದಾಗ ಐವತ್ತು ಲಕ್ಷಕ್ಕೆ ಕೂದಲೆಳೆ ಕಡಿಮೆ.

ಕೆಳಗಿನ ಅಂತಸ್ತೇ ನಮ್ಮ ವಾಚಕರಲ್ಲಿ ಹೆಚ್ಚಿನವರದು. ಅಲ್ಲಿ ಮೂವರು ಅಣ್ಣತಮ್ಮಂದಿರು. ಪುಣೆಯ ಬಳಿ ಚಾಕಣದಲ್ಲಿ ತಯಾರಾಗಿ 2022ರಲ್ಲಿ ಬಂದ ಸ್ಕೋಡಾ ಸ್ಲಾವಿಯಾ ಮತ್ತು ಫೋಕ್ಸ್‌ವ್ಯಾಗನ್ ವರ್ಟಸ್ ಒಂದೇ ಹೊಟ್ಟೆಯ ಮಕ್ಕಳು; 1.5 ಲೀಟರಿನ ಟರ್ಬೊ ಯಂತ್ರ, 150 ಅಶ್ವಶಕ್ತಿ, ಎಳೆತ 250 ನ್ಯೂಟನ್ ಮೀಟರ್. ಚೆನ್ನೈಯ ಬಳಿ ಶ್ರೀಪೆರುಂಬುದೂರಿನಲ್ಲಿ ತಯಾರಾಗಿ 2023ರ ಮಾರ್ಚಿಯಲ್ಲಿ ಬಂದ ಹ್ಯುಂಡೈ ವೆರ್ನಾ ಟರ್ಬೊ ದಾಯಾದಿ, ಅದರದೂ 1.5 ಲೀಟರ್, 160 ಅಶ್ವಶಕ್ತಿ, 253 ನ್ಯೂಟನ್ ಮೀಟರ್, ನೂರಕ್ಕೆ 8.1 ಸೆಕೆಂಡ್ ಎಂದು ಕಂಪೆನಿಯ ಮಾತು. ಮೊದಲಿಬ್ಬರಿಗೆ ಇದಕ್ಕಿಂತ ಒಂದು ಸೆಕೆಂಡ್ ಹೆಚ್ಚು ಹಿಡಿದೀತು. ಆ ಒಂದು ಸೆಕೆಂಡಿಗಾಗಿ ಯಾರೂ ಜಗಳವಾಡಬೇಕಾಗಿಲ್ಲ.

ಇಷ್ಟು ಬಲ ಸಂಸಾರಕ್ಕೆ ಏಕೆ ಬೇಕು ಎಂದು ಹಿರಿಯರು ಕೇಳುವುದು ಸಹಜ. ಇದಕ್ಕೆ ಕಿರಿಯರ ಉತ್ತರದಲ್ಲಿ ಹುರುಳಿಲ್ಲದೆ ಇಲ್ಲ. ಹೆದ್ದಾರಿ ಬಿಟ್ಟು ನಮ್ಮ ಊರಿನ ಒಂಟಿ ರಸ್ತೆಗೆ ಇಳಿದಾಗ, ಕಬ್ಬಿನ ಟ್ರ್ಯಾಕ್ಟರನ್ನೋ ಕಲ್ಲು ಹೇರಿದ ಲಾರಿಯನ್ನೋ ದಾಟಬೇಕಾಗುತ್ತದೆ. ಆಗ ಎದುರು ದಿಕ್ಕಿನಲ್ಲಿ ಎಷ್ಟು ಹೊತ್ತು ಇರುತ್ತೇವೋ ಅಷ್ಟು ಹೊತ್ತು ಅಪಾಯ. ಹಳೆಯ ಯಂತ್ರಗಳು ಜೋರಾಗಿ ತಿರುಗಿದ ಮೇಲೆಯೇ ಬಲ ಕೊಡುತ್ತಿದ್ದವು. ಈ ಟರ್ಬೊ ಯಂತ್ರಗಳ ಪೂರ್ಣ ಎಳೆತ ನಿಮಿಷಕ್ಕೆ 1500, 1600 ಸುತ್ತಿನಲ್ಲಿಯೇ ದೊರೆಯುತ್ತದೆ. ಐದು ಜನ, ಐದು ಚೀಲ, ಒಂದು ಚೀಲ ಜೋಳ ಹೇರಿಕೊಂಡಿದ್ದರೂ ಬೇಗ ದಾಟಿ ಬೇಗ ನಮ್ಮ ಬದಿಗೆ ಬರಬಹುದು. ಬಲವೆಂಬುದು ಇಲ್ಲಿ ಶೋಕಿಯಲ್ಲ, ರಕ್ಷಣೆ.

ಆದರೆ ಅದೇ ಬಲ ತಲೆಗೇರಿದರೆ? ಅದಕ್ಕೂ ಒಂದು ಲೆಕ್ಕವುಂಟು. ಹೈಸ್ಕೂಲಿನ ಮಕ್ಕಳು ಮಾಡಬಹುದಾದ ಲೆಕ್ಕ. ಚಾಲಕನು ಅಪಾಯ ಕಂಡು ಬ್ರೇಕು ಒತ್ತಲು ಒಂದು ಸೆಕೆಂಡ್ ಬೇಕು. ಒಣ ರಸ್ತೆ, ಒಳ್ಳೆಯ ಟೈರು ಎಂದಿಟ್ಟುಕೊಳ್ಳೋಣ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ಕಾರು ನಿಲ್ಲಲು ಸುಮಾರು 54 ಮೀಟರ್ ಹಿಡಿಯುತ್ತದೆ. 100ರಲ್ಲಿ 77 ಮೀಟರ್. 120ರಲ್ಲಿ 104 ಮೀಟರ್. ವೇಗ ಒಂದೂವರೆಯಷ್ಟು ಆಯಿತು, ದೂರ ಎರಡರಷ್ಟಾಯಿತು. ಕಾರಿನ ಬೆಲೆ ಎಷ್ಟಾದರೂ ಇರಲಿ, ನಿಸರ್ಗವು ಈ ಲೆಕ್ಕದಲ್ಲಿ ಯಾರಿಗೂ ರಿಯಾಯಿತಿ ಕೊಡದು. ಮಳೆ ಬಂದರೆ ದೂರ ಇನ್ನೂ ಹೆಚ್ಚು.

ಇದರಿಂದ ಉಳಿಯುವ ಹೊತ್ತಾದರೂ ಎಷ್ಟು? 420 ಕಿಲೋಮೀಟರ್ ದಾರಿ ಎಂದಿಟ್ಟುಕೊಳ್ಳಿ. ಪುಣೆಯಿಂದ ಹುಬ್ಬಳ್ಳಿಗೆ ಹೆಚ್ಚುಕಡಿಮೆ ಅಷ್ಟೇ. ಸರಾಸರಿ 60ರಲ್ಲಿ ಹೋದರೆ ಏಳು ಗಂಟೆ, 70ರಲ್ಲಿ ಹೋದರೆ ಆರು ಗಂಟೆ. ಆ ಸರಾಸರಿಯನ್ನು ನಿರ್ಣಯಿಸುವುದು ಯಂತ್ರದ ಅಶ್ವಶಕ್ತಿಯಲ್ಲ. ಟೋಲಿನ ಸಾಲು, ಖಂಬಾಟ್ಕಿ ಘಟ್ಟದ ಲಾರಿಗಳು, ಮಕ್ಕಳ ಹೊಟ್ಟೆ, ಬೆಳಗಾವಿಯಲ್ಲಿ ಕುಂದಾ ಕೊಳ್ಳದೆ ಮುಂದೆ ಹೋಗಲಾರೆ ಎನ್ನುವ ಮನೆಯಾಕೆಯ ಹಟ. ಮುಂಬಯಿ ಪುಣೆ ಎಕ್ಸ್‌ಪ್ರೆಸ್ ರಸ್ತೆಯ ಸಮತಟ್ಟಿನಲ್ಲಿ ಕಾರಿಗೆ ಗೊತ್ತುಮಾಡಿರುವ ಮಿತಿ ಗಂಟೆಗೆ 100 ಕಿಲೋಮೀಟರ್. ಘಟ್ಟದಲ್ಲಿ ಇನ್ನೂ ಕಡಿಮೆ. ಆ ಮಿತಿಯೊಳಗೆ 387 ಅಶ್ವಶಕ್ತಿಯವನೂ ಒಂದೇ, 150ರವನೂ ಒಂದೇ. ಅರ್ಧ ಗಂಟೆ ಮೊದಲು ಮನೆ ಬಿಟ್ಟವನೇ ಎಲ್ಲರಿಗಿಂತ ವೇಗದವನು.

ಕೇಂದ್ರ ಸರಕಾರದ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅದರಲ್ಲಿ ನೂರಕ್ಕೆ 71ರಷ್ಟು ಸಾವಿಗೆ ಅತಿವೇಗವನ್ನೇ ಕಾರಣವೆಂದು ಬರೆದಿದೆ. ಇದು ಬರಿಯ ಅಂಕಿಯಲ್ಲ. ಹಬ್ಬಕ್ಕೆ ಹೊರಟು ಊರು ಸೇರದ ಮನೆಗಳೂ ಇದರೊಳಗಿವೆ.

ಆದುದರಿಂದ ಅಶ್ವಶಕ್ತಿಯನ್ನು ನೋಡುವವರು ಬ್ರೇಕು, ಟೈರು, ಒಡಲಿನ ಗಟ್ಟಿತನ ಇವನ್ನೂ ನೋಡಬೇಕು. ವೆರ್ನಾ ಟರ್ಬೊಗೆ ಹಿಂದಿನ ಚಕ್ರಗಳಿಗೂ ಡಿಸ್ಕ್ ಬ್ರೇಕು ಕೊಟ್ಟರು. ಎದುರಿನ ಗಾಡಿ ಹತ್ತಿರವಾದರೆ ತಾನೇ ಎಚ್ಚರಿಸಿ ಬ್ರೇಕು ಹಾಕುವ ಏರ್ಪಾಡನ್ನೂ ಮೇಲಿನ ಮಾದರಿಗಳಲ್ಲಿ ಇಟ್ಟರು. ಸ್ಲಾವಿಯಾ, ವರ್ಟಸ್‌ಗಳು ಬಂದಾಗ ಹಿಂದೆ ಹಳೆಯ ಡ್ರಮ್ಮೇ ಇತ್ತು. ಆದರೆ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ಗೋಡೆಗೆ ಗುದ್ದಿಸಿ ನೋಡಿದಾಗ ಲೆಕ್ಕ ಬೇರೆಯಾಯಿತು. 2023ರಲ್ಲಿ ಮೂರಕ್ಕೂ ಐದೈದು ನಕ್ಷತ್ರಗಳು ಬಂದವು. ದೊಡ್ಡವರ ರಕ್ಷಣೆಯಲ್ಲಿ 34ಕ್ಕೆ ಸ್ಲಾವಿಯಾ, ವರ್ಟಸ್‌ಗಳಿಗೆ 29.71, ವೆರ್ನಾಕ್ಕೆ 28.18, ಮಕ್ಕಳ ರಕ್ಷಣೆಯಲ್ಲಿ ಮೂರಕ್ಕೂ 49ಕ್ಕೆ 42. ಹೊಡೆತದ ನಂತರವೂ ಮೊದಲಿಬ್ಬರ ಒಡಲು ಸ್ಥಿರವಾಗಿ ಉಳಿಯಿತೆಂದೂ, ವೆರ್ನಾದ ಒಡಲು ಸ್ಥಿರವಲ್ಲವೆಂದೂ ಅವರು ಬರೆದರು. ನಕ್ಷತ್ರಗಳನ್ನು ಎಣಿಸಿ ಸುಮ್ಮನಾಗದೆ ಕೆಳಗಿನ ಸಾಲನ್ನೂ ಓದಬೇಕೆನ್ನುವುದು ಇದಕ್ಕಾಗಿಯೇ.

ಐದು ನಕ್ಷತ್ರದ ಕಾರಿನಲ್ಲಿಯೂ ಬೆಲ್ಟು ಕಟ್ಟದವನಿಗೆ ನಕ್ಷತ್ರ ಕಾಣುವುದು ಕಣ್ಣ ಮುಂದೆಯೇ. 2022ರ ಸೆಪ್ಟೆಂಬರ್ 4ರಂದು ಪಾಲಘರ್ ಜಿಲ್ಲೆಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಬೆಲೆಬಾಳುವ ಕಾರಿನಲ್ಲಿಯೇ ತೀರಿಕೊಂಡರು. ಮುಂದಿನ ಸೀಟಿನ ಇಬ್ಬರು ಗಾಯಗೊಂಡು ಬದುಕಿದರು. ಹಿಂದಿನ ಸೀಟಿನ ಇಬ್ಬರೂ ಉಳಿಯಲಿಲ್ಲ. ಹಿಂದಿನವರು ಬೆಲ್ಟು ಕಟ್ಟಿರಲಿಲ್ಲವೆಂದು ಪೊಲೀಸರು ತಿಳಿಸಿದರು. ನಮ್ಮ ಸಂಸಾರಗಳಲ್ಲಿ ಹಿಂದೆ ಕೂರುವವರು ಯಾರು? ಅಜ್ಜ, ಅಜ್ಜಿ, ತಾಯಿ, ಮಕ್ಕಳು. ಕಾನೂನು ಹಿಂದಿನವರಿಗೂ ಬೆಲ್ಟನ್ನು ವಿಧಿಸಿದೆ. ಸೀರೆಯ ನಿರಿಗೆ ಮುದುಡುತ್ತದೆ ಎಂಬ ಮಾತು ಇಲ್ಲಿ ಸಲ್ಲದು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಅದು ವಾತ್ಸಲ್ಯವಾದೀತೇ ಹೊರತು ರಕ್ಷಣೆಯಾಗದು. ಮಗುವಿಗೆ ಅದರದೇ ಆಸನ ಬೇಕು.

ಇನ್ನು ನಿತ್ಯದ ಬಾಳಾಟ. ಸ್ಲಾವಿಯಾ, ವರ್ಟಸ್‌ಗಳ ಹೊಟ್ಟೆ, ಜನರಿಲ್ಲದಾಗ, ನೆಲದಿಂದ 179 ಮಿಲಿಮೀಟರ್ ಎತ್ತರ. ನಮ್ಮ ಬಡಾವಣೆಗಳ ಉಬ್ಬುತಗ್ಗುಗಳಿಗೆ ಈ ಎತ್ತರ ಅನುಕೂಲ. ವರ್ಟಸ್‌ನ ಡಿಕ್ಕಿ 521 ಲೀಟರ್, ವೆರ್ನಾದ್ದು 528. ಏಳು ಲೀಟರಿನ ಅಂತರ ಒಂದೆರಡು ಉಪ್ಪಿನಕಾಯಿ ಭರಣಿಯಷ್ಟು. ದುಬಾರಿ ಓಟದ ಕಾರುಗಳಿಗೆ ಅಗಲವಾದ, ತೆಳುಗೋಡೆಯ ಟೈರುಗಳಿರುವುದರಿಂದ ಗುಂಡಿಗೆ ಬಿದ್ದರೆ ಟೈರಿನೊಡನೆ ಚಕ್ರವೂ ಕೆಡುವುದುಂಟು, ನಡುವೂ ನೋಯುವುದುಂಟು. ಕೆಳ ಅಂತಸ್ತಿನ ಈ ಮೂರರಲ್ಲಿಯೂ ತಾನೇ ಗೇರು ಬದಲಿಸುವ ಜೋಡಿ ಕ್ಲಚ್ಚು ಒಣ ಜಾತಿಯದು. ಅಂಧೇರಿಯ ಸಾಯಂಕಾಲವನ್ನೋ ಚೆನ್ನೈಯ ಬೇಸಗೆಯನ್ನೋ ನೆನೆದುಕೊಳ್ಳಿ. ಆಮೆಯಂತೆ ತೆವಳುತ್ತಿದ್ದರೆ ಅದು ಬಿಸಿಯಾಗುತ್ತದೆ. ಮುಂದಿನ ಕಾರಿನ ಬಾಲ ಹಿಡಿಯದೆ, ಸ್ವಲ್ಪ ಜಾಗ ಬಿಟ್ಟು, ಒಮ್ಮೆಗೇ ಸರಿದು ನಿಂತರೆ ಅದರ ಆಯುಷ್ಯ ಹೆಚ್ಚು. ಸ್ಲಾವಿಯಾ, ವರ್ಟಸ್‌ಗಳ ಈ ಯಂತ್ರವು ಹಗುರ ಓಟದಲ್ಲಿ ನಾಲ್ಕು ಸಿಲಿಂಡರುಗಳಲ್ಲಿ ಎರಡನ್ನು ಮಲಗಿಸಿ ಪೆಟ್ರೋಲನ್ನು ಉಳಿಸುತ್ತದೆ. ಆದರೆ ಕಾಲು ಭಾರವಾದವನ ಕಾರಿನಲ್ಲಿ ಅವು ಮಲಗಲು ಪುರಸತ್ತೇ ಸಿಗದು.

ಊರೂರು ತಿರುಗುವ ನಮ್ಮಂಥವರಿಗೆ ಇನ್ನೊಂದು ಮಾತು. ಮುಂಬಯಿಯಲ್ಲಿ ನೋಂದಣಿಯಾದ ಕಾರನ್ನು ವರ್ಗವಾಗಿ ಬೆಂಗಳೂರಿಗೆ ಒಯ್ದು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿ ಹೊಸ ನೋಂದಣಿ, ಹೊಸ ತೆರಿಗೆ. ತೆರಿಗೆ ಕಾರಿನ ಬೆಲೆಯ ಮೇಲೆ ನಿಂತಿರುವುದರಿಂದ, ಬೆಲೆ ಏರಿದಷ್ಟೂ ವರ್ಗಾವಣೆಯ ನೋವೂ ಏರುತ್ತದೆ. 2021ರ ಸೆಪ್ಟೆಂಬರಿನಿಂದ ಬಿ.ಎಚ್. ಸಾಲಿನ ನೋಂದಣಿ ಬಂದಿದೆ. ಸರಕಾರಿ ನೌಕರರಿಗೂ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯುಳ್ಳ ಖಾಸಗಿ ಕಂಪೆನಿಯವರಿಗೂ ಅದು ದೊರೆಯಬಹುದು. ಅರ್ಹರಾದವರು ಹಣ ಕಟ್ಟುವ ಮುನ್ನವೇ ವಿಚಾರಿಸಿಕೊಳ್ಳುವುದು ಜಾಣತನ.

ಹಾಗಾದರೆ ನಮ್ಮ ತೀರ್ಪೇನು? ಮನೆಗೆ ಒಂದೇ ಕಾರು, ವರ್ಷಕ್ಕೆ ಎರಡು ಮೂರು ಸಲ ಊರ ದಾರಿ, ಹಿಂದಿನ ಸೀಟಿನಲ್ಲಿ ಮಕ್ಕಳು ಎನ್ನುವವರಿಗೆ ಗಟ್ಟಿ ಒಡಲಿನ ಸ್ಲಾವಿಯಾ ಇಲ್ಲವೆ ವರ್ಟಸ್ ಮೇಲೆಂದು ನಮಗೆ ತೋರುತ್ತದೆ. ಪಟ್ಟಣದ ಓಡಾಟವೇ ಹೆಚ್ಚು, ಕಾಲು ಚಾಚಲು ಜಾಗ ಬೇಕು, ಎಚ್ಚರಿಸುವ ಏರ್ಪಾಡು ಬೇಕು ಎನ್ನುವವರಿಗೆ ವೆರ್ನಾ. ಆಕ್ಟೇವಿಯಾ, ಎಂ340ಐಗಳು ಸೊಗಸಾದ ವಾಹನಗಳು ನಿಜ. ಆದರೆ ಅವುಗಳ ಹೆಚ್ಚುವರಿ ಬಲವನ್ನು ನ್ಯಾಯವಾಗಿ ಬಳಸುವ ರಸ್ತೆ ನಮ್ಮಲ್ಲಿ ಕಡಿಮೆ. ಮನೆಸಾಲ ತೀರಿ, ಮಕ್ಕಳ ಓದಿಗೆ ಹಣ ತೆಗೆದಿಟ್ಟ ಮೇಲೂ ಗಂಟು ಉಳಿದಿದ್ದರೆ ಯಾರೂ ಬೇಡವೆನ್ನರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಕಾಲನ್ನೇ ಚಾಚಬೇಡ ಎಂದಿಲ್ಲವಲ್ಲ!

ಕೊಳ್ಳುವ ಮುನ್ನ ಪರೀಕ್ಷೆಗೆ ಹೋಗುವಾಗ ಮಗನೊಬ್ಬನನ್ನೇ ಕಳಿಸಬೇಡಿ. ಹಿರಿಯರನ್ನು ಹಿಂದೆ ಕೂರಿಸಿ, ಐದೂ ಬೆಲ್ಟು ಕಟ್ಟಿ, ಒಂದು ಕೆಟ್ಟ ರಸ್ತೆಯ ಮೇಲೆ ಹೋಗಿಬನ್ನಿ. ಅಜ್ಜಿ ಯಾರ ಕೈಯನ್ನೂ ಹಿಡಿಯದೆ ಇಳಿದರೆ ಕಾರು ಪಾಸು. ಕಾರು ಬಂದ ಮೇಲೆ, ತಿಂಗಳಿಗೊಮ್ಮೆ ಟೈರಿನ ಗಾಳಿ ನೋಡುವ ಕೆಲಸವನ್ನು ಅಶ್ವಶಕ್ತಿ ಬೇಕೆಂದ ಪಕ್ಷಕ್ಕೇ ಒಪ್ಪಿಸಿರಿ. ಹಬ್ಬಕ್ಕೆ ಊರಿಗೆ ಹೊರಡುವವರೆಲ್ಲರ ಪ್ರಯಾಣ ಸುಖಕರವಾಗಲಿ.