ಬಯಲಾಗ ಮಲಗ್ರಿ, ಡಾಂಬರ ಮ್ಯಾಲ ಬ್ಯಾಡ



ಶಿವರಾತ್ರಿ ಮುಗೀತು ಅಂದ್ರ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಶ್ರೀಶೈಲಕ್ಕ ಕಂಬಿ ಹೊಂಡೂ ಮಾತು ಶುರು ಆಗತೈತಿ. ಯುಗಾದಿಗೆ ಮಲ್ಲಯ್ಯನ ಹತ್ರ ಇರಬೇಕು. ಭ್ರಮರಾಂಬಾ ತಾಯಿ ನಮ್ಮ ಸೀಮಿ ಮಗಳು, ಹಬ್ಬಕ್ಕ ಆಕಿಗೆ ಸೀರಿ, ಕುಪ್ಪಸ, ಅರಿಷಿಣ-ಕುಂಕುಮ ಒಯ್ಯೂದು ತವರವರ ಕೆಲಸ ಅನ್ನೋ ನಂಬಿಕಿ ಇವತ್ತಿಗೂ ಗಟ್ಟಿ ಐತಿ. ಯಾದವಾಡ, ಲೋಕಾಪುರ, ಬಾಗಲಕೋಟಿ ದಾಟಿ, ರಾಯಚೂರು, ಕರ್ನೂಲ ಸೀಮಿ ಹಾದು ಸುಮಾರು 500 ಕಿಲೋಮೀಟರ್ ನಡಿಗಿ. ಹದಿನೈದು ರಾತ್ರಿ ಹೊರಗ ಮಲಗಬೇಕು.

ನಡಿಗಿ ಬಗ್ಗೆ ಎಲ್ಲಾರೂ ಮಾತಾಡ್ತಾರ. ಊಟದ ಬಗ್ಗೆ ಮಾತಾಡ್ತಾರ. ದಾರಿಗುಂಟ ಪ್ರಸಾದ ಹಾಕವರಿಗೆ, ಮಜ್ಜಿಗಿ ಕೊಡವರಿಗೆ ಕಡಿಮಿ ಇಲ್ಲ. ಆದರೆ ರಾತ್ರಿ ಎಲ್ಲಿ ಮಲಗ್ತೀರಿ ಅಂತ ಯಾರೂ ಕೇಳೂದಿಲ್ಲ. ನಡಿಯೂ ಹೊತ್ತಿನಾಗ ಅಪಾಯ ಬಂದ್ರ ಪಕ್ಕಕ್ಕ ಜಿಗೀಬಹುದು. ಮಲಗಿದ ಮನಷ್ಯಾ ಎಲ್ಲಿ ಜಿಗೀತಾನ?

ಬಹಳ ಮಂದಿ ರಸ್ತಿ ದಂಡಿಗೇ ಹಾಸಿಕೊಳ್ತಾರ. ಯಾಕ ಅಂತ ನಮಗ ಗೊತ್ತೈತಿ. ಡಾಂಬರ ಸಪಾಟ ಇರತೈತಿ, ಮುಳ್ಳಿಲ್ಲ, ಹುಳ-ಹುಪ್ಪಡಿ ಭಯ ಕಡಿಮಿ, ನಸುಕಿನ ತಂಪಿನಾಗ ಡಾಂಬರ ಬೆಚ್ಚಗ ಇರತೈತಿ. ದಣದ ಕಾಲಿಗೆ ಇನ್ನ ಹತ್ತು ಹೆಜ್ಜಿ ಹೊಲದಾಗ ಇಳಿಯಾಕ ಮನಸ್ಸು ಬರೂದಿಲ್ಲ. ಆದರ ರಾತ್ರಿ ಮೂರಕ್ಕ ಬರೂ ಲಾರಿ ಚಾಲಕ ರಸ್ತಿ ಮ್ಯಾಲ ಮನಷ್ಯಾ ಮಲಗಿರತಾನ ಅಂತ ಅಂದುಕೊಂಡಿರೂದಿಲ್ಲ. ಎದುರಿನ ಗಾಡಿ ಲೈಟ್ ಕಣ್ಣಿಗೆ ಹೊಡದಾಗ ಪಕ್ಕಕ್ಕ ಸರಿಸ್ತಾನ, ನಮ್ಮಾವ ಕರಿ ಕಂಬಳಿ ಹೊದ್ದು ಅಲ್ಲೇ ಮಲಗಿರತಾನ. ನಮ್ಮ ಕಡೆಯಂತೂ ಕಾರ್ಖಾನಿ ಸೀಜನ್ ಮುಗಿಯೂತನಕ ಹಿಂದ ಲೈಟ್ ಇಲ್ಲದ ಎರಡೆರಡು ಟ್ರೇಲರ್ ಕಬ್ಬಿನ ಟ್ರ್ಯಾಕ್ಟರ್ ರಾತ್ರಿಯೆಲ್ಲಾ ಓಡ್ತಾವ. ಅವು ನಮ್ಮವೇ ಟ್ರ್ಯಾಕ್ಟರ್, ನಮ್ಮವೇ ಕಬ್ಬು. ಸವದತ್ತಿ ಭಾರತ ಹುಣ್ಣಿಮಿಗೆ ಚಕ್ಕಡಿ ಕಟ್ಟಿಕೊಂಡು, ನಡಕೊಂಡು ಹೋಗವರಿಗೂ ಇದೇ ಮಾತು.

ಇನ್ನ ಆತ್ಮಕೂರ ದಾಟಿ ನಲ್ಲಮಲ ಕಾಡು ಹೊಕ್ಕವರನ್ನ ನೋಡ್ರಿ. ಅದು ವಿಸ್ತೀರ್ಣದಾಗ ದೇಶದ ದೊಡ್ಡ ಹುಲಿ ಕಾಡು. ಶಿವರಾತ್ರಿ, ಯುಗಾದಿ ಹೊತ್ತಿಗೆ ಅಷ್ಟ ಕಾಲುದಾರಿ ಬಿಡ್ತಾರ. ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ್ಳ, ಕೈಲಾಸ ದ್ವಾರ. ಅಲ್ಲಿ ಒಬ್ಬನೂ ಗುಂಪು ಬಿಟ್ಟು ಮಲಗೂದಿಲ್ಲ, ನೀರಿದ್ದ ಕಡೆ, ನಾಕು ಮಂದಿ ಇದ್ದ ಕಡೆ ಹೊತ್ತಿಗೆ ಮುಂಚೆ ಬೀಡು ಬಿಡ್ತಾರ. ಹುಲಿಗೆ ಅಂಜಿ ಮಾಡೂ ಈ ಶಿಸ್ತನ್ನ ಉಳಿದ ಹದಿಮೂರು ರಾತ್ರಿ ಲಾರಿಗೆ ಅಂಜಿ ಯಾಕ ಮಾಡಬಾರದು?

ಪಂಢರಪುರದ ವಾರಿಯಿಂದ ಕಲಿಯೂದು ಒಂದೈತಿ. ಆಳಂದಿಯಿಂದ ಜ್ಞಾನೇಶ್ವರ ಮಹಾರಾಜರ ಪಾಲಖಿ ಈಗಿನ ರೀತಿ ಶುರು ಆಗಿದ್ದು 1832ರ ಸುಮಾರಿಗೆ, ಹೈಬತಬಾಬಾ ಅವರಿಂದ. ಆಗ ಕುದುರಿ, ತಂಬು ಕೊಟ್ಟಾವರು ನಮ್ಮದೇ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಅಂಕಲಿಯ ಶಿತೋಳೆ ಸರದಾರರು. ಇವತ್ತಿಗೂ ಅಂಕಲಿಯಿಂದ ಕುದುರಿ ಆಳಂದಿಗೆ ನಡಕೊಂತ ಹೋಗ್ತಾವ. ಅಂದ್ರ ನಡಿಯೂ ಮಂದಿಗೆ ರಾತ್ರಿ ನೆರಳು ಕೊಡೂದು ನಮ್ಮ ಸೀಮಿಗೆ ಹೊಸಾದಲ್ಲ. ಆ ವಾರಿಯೊಳಗ ಯಾವ ರಾತ್ರಿ ಯಾವ ಊರಾಗ ಮುಕ್ಕಾಂ ಅನ್ನೂದು ಹೊಂಡೂ ಮೊದಲ ಗೊತ್ತಿರತೈತಿ. ದಿಂಡಿ ದಿಂಡಿಗೆ ನಂಬರ್ ಐತಿ. ಊರವರೂ ತಯಾರಿರತಾರ. ನಮ್ಮ ಕಂಬಿಯವರು ಬಹಳಷ್ಟು ಸಲ ಕಾಲು ಸೋತ ಕಡೆ ಮುಕ್ಕಾಂ ಮಾಡ್ತಾರ. ಕತ್ತಲಾದ ಮ್ಯಾಲ ಯಾರ ಬಾಗಿಲಾ ಬಡೀಬೇಕು? ಅದಕ್ಕ ರಸ್ತಿನೇ ಗತಿ ಆಗತೈತಿ.

ಇಲ್ಲಿ ನಮ್ಮ ಪಾಲೂ ಐತಿ. ಫಾಲ್ಗುಣದಾಗ ಜ್ವಾಳ, ಕಡ್ಲಿ ರಾಶಿ ಮುಗಿದು ಕಣ ಖಾಲಿ ಇರತಾವ. ರಸ್ತಿಗೆ ಹತ್ತಿದ ಒಂದು ಕಣ, ಒಂದು ಬಲ್ಬು, ಕೊಳವೆಬಾವಿ ನೀರು, ಇಷ್ಟ ಸಾಕು ಇಪ್ಪತ್ತು ಮಂದಿಗೆ. ಕಂಬಿಯೊಳಗ ಹೆಣಮಕ್ಕಳೂ ಇರತಾರ. ಅವರಿಗೆ ತೋಟದ ಮನಿ ಪಡಸಾಲಿ, ಶೌಚಾಲಯದ ಕೀಲಿ ಕೊಟ್ರ ಅದು ಹೋಳಿಗಿ ಊಟಕ್ಕಿಂತ ದೊಡ್ಡ ಪುಣ್ಯ.

ನಮ್ಮ ರೈತರು ಒಲ್ಲೆ ಅನ್ನೂದಕ್ಕೂ ಕಾರಣ ಅದಾವ, ಅವು ಸುಳ್ಳಲ್ಲ. ರವದಿಗೆ ಕಿಡಿ ಬಿದ್ರ ಎಕರೆಗಟ್ಲೆ ಕುಳೆ ಕಬ್ಬು ಹೋಗತೈತಿ. ಬೆಳಿಗ್ಗೆ ನೋಡಿದ್ರ ಹೊಲದ ತುಂಬ ಪ್ಲಾಸ್ಟಿಕ್ ತಾಟು, ನೀರಿನ ಪಾಕೀಟು, ಬದುವಿನ ಮ್ಯಾಲ ಹೊಲಸು. ರಾತ್ರಿ ಥ್ರೀ ಫೇಜ್ ಬಂದು ಮೋಟರ್ ಚಾಲೂ ಆದ್ರ ಸ್ಟಾರ್ಟರ್ ಹತ್ರ ಹುಡುಗರು ಕೈ ಹಾಕ್ತಾರ ಅನ್ನೋ ಭಯ. ಅದಕ್ಕ ಜಾಗಾ ಕೊಡೂದ ಬಿಡೂದಲ್ಲ, ಕರಾರು ಮಾಡಿ ಕೊಡೂದು. ಒಲಿ ಕಣದ ನಡುವ ಅಷ್ಟ, ಹೊಂಡೂ ಮುಂದ ನೀರು ಹಾಕಿ ಆರಿಸಬೇಕು. ಕಸ ಒಂದ ಚೀಲದಾಗ. ಮೋಟರ್ ಮನಿ ಕಡೆ ಯಾರೂ ಹೋಗಬಾರದು. ಗುಂಪಿನ ಹಿರ್ಯಾರಿಗೆ ಎದುರಿಗೆ ನಿಂತು ಹೇಳಿದ್ರ ಕೇಳ್ತಾರ. ಕಂಬಿ ಹೊತ್ತಾವರು ಮಾತಿಗೆ ಅಂಜೂ ಮಂದಿ.

ಹೊಲದಾಗ ಮಲಗವರಿಗೂ ಒಂದು ಮಾತು. ಕಟ್ಟುಹಾವು ಕಚ್ಚೂದು ಹೆಚ್ಚಾಗಿ ರಾತ್ರಿ, ನೆಲದ ಮ್ಯಾಲ ಮಲಗಿದಾವರಿಗೆ. ನೋವು ಬಾವು ಅಷ್ಟಾಗಿ ಇರೂದಿಲ್ಲ, ಕಚ್ಚಿದ್ದೇ ಗೊತ್ತಾಗೂದಿಲ್ಲ. ನಸುಕಿನಾಗ ಹೊಟ್ಟಿ ನೋವು, ವಾಂತಿ, ಕಣ್ಣ ರೆಪ್ಪಿ ಜೋತು ಬೀಳೂದು, ನಾಲಿಗಿ ತೊದಲೂದು ಕಂಡ್ರ ದಣಿವು ಅಂತ ಬಿಡಬ್ಯಾಡ್ರಿ. ಮಂತ್ರ, ನಾಟಿ ಔಷಧ ಅನಕೋತ ಕೂಡಬ್ಯಾಡ್ರಿ. 108ಕ್ಕ ಫೋನ್ ಮಾಡಿ ವಿಷದ ಇಂಜೆಕ್ಷನ್ ಇರೂ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಇದಕ್ಕ ಅಗ್ಗದ ಉಪಾಯ ಸೊಳ್ಳಿ ಪರದೆ. ನಾಕೂ ಅಂಚು ಹಾಸಿಗಿ ಕೆಳಗ ಮಡಚಿ ಹಾಕಬೇಕು. ಕಣಿಕಿ ಬಣವಿ, ಕಲ್ಲಿನ ಒಡ್ಡು, ಕಾಲವಿ ದಂಡಿ ಬಿಟ್ಟು ಮಲಗ್ರಿ. ಎದ್ದ ಕೂಡಲೇ ಬ್ಯಾಟರಿ ಹಚ್ಚಿ ಕಾಲು ಇಡ್ರಿ.

ಹನ್ನೆರಡ ದಿನಕ್ಕ ಮುಟ್ಟಿದ್ವಿ, ರಾತ್ರಿ ಎರಡ ತಾಸು ಅಷ್ಟ ಮಲಗಿದ್ವಿ ಅಂತ ಹೇಳಿಕೊಳ್ಳೂದು ಈಗ ಹುಡುಗರಾಗ ರೂಢಿ ಆಗೈತಿ. ಮಲ್ಲಯ್ಯ ಯಾರಿಗೂ ತಾಸಿನ ಲೆಕ್ಕ ಕೇಳಿಲ್ಲ. ನಿದ್ದಿಗೆಟ್ಟು ತೂಕಡಿಸಿಕೊಂತ ನಸುಕಿನಾಗ ಹೆದ್ದಾರಿ ಮ್ಯಾಲ ನಡಿಯೂ ಹುಡುಗನೂ, ತೂಕಡಿಸಿಕೊಂತ ಗಾಡಿ ಹೊಡಿಯೂ ಚಾಲಕನೂ ಎದುರಾಬದುರ ಆದ್ರ ಏನಾಗತೈತಿ ಅಂತ ಮನಿಯವರು ವಿಚಾರ ಮಾಡಬೇಕು.

ಕಂಬಿ ಹೊಂಡಾಕ ಇನ್ನ ದಿನ ಐತಿ. ನಿಮ್ಮ ಊರಿನ ಕಂಬಿ ಹಿರ್ಯಾರನ್ನ ಕೂಡಿಸಿ ರಾತ್ರಿ ರಾತ್ರಿಗೆ ಮುಕ್ಕಾಂ ಬರೀರಿ. ಆ ಊರಾಗ ಬೀಗರು, ಗೆಳೆಯರು ಇದ್ರ ಈಗ ಫೋನ್ ಹಚ್ಚಿ ಕಣ ಕೇಳಿ ಇಡ್ರಿ. ರಸ್ತಿಗೆ ಹತ್ತಿ ಹೊಲ ಇದ್ದಾವರು ಮೊದಲ ಕಂಬಿ ಬರೂದರೊಳಗ ಕಣ ಉಡುಗಿ ಒಂದು ಬಲ್ಬು ಹಚ್ರಿ.