ಪರರ ಕಾಗದ, ನಮ್ಮ ಕಾದಂಬರಿ

ಪರರ ಕಾಗದವನ್ನು ಒಡೆದು ಓದಬಾರದೆಂದು ಹಿರಿಯರು ನಮಗೆ ಬಾಲ್ಯದಲ್ಲಿಯೇ ಹೇಳಿಕೊಟ್ಟಿದ್ದರು. ಆದರೆ ಕಾಗದ ಬರೆದವರೂ ಅದನ್ನು ಪಡೆದವರೂ ಕಾಲವಾದ ಮೇಲೆ ಆ ಕಟ್ಟಿನ ದಾರವನ್ನು ಬಿಚ್ಚಲು ನಾವು ಹಿಂಜರಿಯುವುದಿಲ್ಲ. ಅಷ್ಟಕ್ಕೇ ನಿಲ್ಲದೆ ಅದರಿಂದ ಕಾದಂಬರಿಯನ್ನೂ ಹೆಣೆಯುತ್ತೇವೆ. ಇದು ನ್ಯಾಯವೇ? ಇರ್ವಿಂಗ್ ಸ್ಟೋನ್ 1934ರಲ್ಲಿ ಪ್ರಕಟಿಸಿದ ‘ಲಸ್ಟ್ ಫಾರ್ ಲೈಫ್’ ಕಾದಂಬರಿಯನ್ನು ಈಚೆಗೆ ಮತ್ತೊಮ್ಮೆ ಓದಿದಾಗ ಈ ಪ್ರಶ್ನೆ ನನ್ನನ್ನು ಕಾಡಿತು.

ಅದು ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋನ ಬಾಳಿನ ಕಥೆ. ಅದಕ್ಕೆ ಮುಖ್ಯ ಆಧಾರವಾದುವು, ಅವನು ತಮ್ಮನಾದ ಥಿಯೋನಿಗೆ ಬರೆದ ಕಾಗದಗಳು. ಅವುಗಳಲ್ಲಿ 650ಕ್ಕೂ ಹೆಚ್ಚು ಇಂದಿಗೂ ಉಳಿದಿವೆ. ಥಿಯೋ ಅಣ್ಣನಿಗೆ ಬರೆದವುಗಳಲ್ಲಿ ಉಳಿದಿರುವುದು ಕೇವಲ 40ರಷ್ಟು. ತಮ್ಮನು ಜೋಪಾನವಾಗಿ ಎತ್ತಿಟ್ಟನು. ಅಣ್ಣನಿಗೆ ಆ ಅಭ್ಯಾಸವಿರಲಿಲ್ಲ. ಹೀಗಾಗಿ ನಮಗೆ ಕೇಳಿಸುವುದು ಬಹುಮಟ್ಟಿಗೆ ಒಬ್ಬನ ದನಿ. ತಿಂಗಳು ತಿಂಗಳೂ ಹಣ ಕಳುಹಿಸಿ ಅಣ್ಣನನ್ನು ಸಾಕಿದವನ ದನಿ ಅಲ್ಲಲ್ಲಿ ಮಾತ್ರ.

ವಿನ್ಸೆಂಟ್ 1890ರ ಜುಲೈಯಲ್ಲಿ ತೀರಿಕೊಂಡನು. ಆರು ತಿಂಗಳಲ್ಲಿ ಥಿಯೋನೂ ಹೋದನು. ಥಿಯೋನ ಪತ್ನಿ ಯೋಹಾನ್ನಾ ಕಾಗದಗಳನ್ನು ಸಂಪುಟಗಳಾಗಿ ಹೊರತಂದುದು 1914ರಲ್ಲಿ. ಕಲೆಗೆ ಮನ್ನಣೆ ದೊರೆಯುವ ಮೊದಲೇ ಕಲಾವಿದನ ಬದುಕಿನ ಬಗ್ಗೆ ಕುತೂಹಲ ಕೆರಳಿಸುವುದು ಸತ್ತವನಿಗೆ ಅನ್ಯಾಯವೆಂದು ಆಕೆ ಭಾವಿಸಿದ್ದಳು. ಕೆಲವು ಹೆಸರುಗಳಿಗೆ ಬದಲಾಗಿ ಮೊದಲಕ್ಷರಗಳನ್ನಷ್ಟೇ ಅಚ್ಚು ಮಾಡಿಸಿದಳು. ಕೆಲವು ಮಾತುಗಳನ್ನು ಬಿಟ್ಟಳು. ವಿದ್ವಾಂಸರು ಇದನ್ನು ಆಕ್ಷೇಪಿಸಬಹುದು. ಆ ಸಂಕೋಚವನ್ನು ನಾನು ಗೌರವಿಸುತ್ತೇನೆ.

ಕಾದಂಬರಿಕಾರನಿಗೆ ಅಂತಹ ಸಂಕೋಚ ಸಾಲದು, ನಿಜ. ಕಾಗದದಲ್ಲಿಲ್ಲದ ಸಂಭಾಷಣೆಯನ್ನು ಅವನು ಕಲ್ಪಿಸಲೇಬೇಕು. ಸ್ಟೋನ್ ಇನ್ನೂ ಮುಂದೆ ಹೋಗಿ, ಆರ್ಲ್ ಊರಿನ ಬಯಲಿನಲ್ಲಿ ‘ಮಾಯಾ’ ಎಂಬ ಹೆಣ್ಣನ್ನು ವಿನ್ಸೆಂಟನ ಮುಂದೆ ತಂದು ನಿಲ್ಲಿಸಿದ್ದಾನೆ. ಹೆಸರಿಗೆ ತಕ್ಕಂತೆ ಅವಳು ಬರಿಯ ಮಾಯೆ. ಆದರೆ ಅದು ಶುದ್ಧ ಕಲ್ಪನೆಯೆಂದು ಗ್ರಂಥದ ಕೊನೆಯಲ್ಲಿ ಲೇಖಕನೇ ಒಪ್ಪಿಕೊಂಡಿದ್ದಾನೆ. ಆ ಪ್ರಾಮಾಣಿಕತೆಯ ಮುಂದೆ ನನ್ನ ತಕರಾರಿಲ್ಲ.

ನನ್ನ ತಕರಾರು ಬೇರೆಡೆ ಇದೆ. 1882–83ರಲ್ಲಿ ಹೇಗ್ ನಗರದಲ್ಲಿ ವಿನ್ಸೆಂಟ್ ಸೀನ್ ಹೋರ್ನಿಕ್ ಎಂಬ ಬಡ ಹೆಂಗಸಿನೊಡನೆ ಸಂಸಾರ ಹೂಡಿದ್ದನು. ಅವಳು ಚಿತ್ರಗಳಿಗೆ ಮಾದರಿಯಾಗಿ ಕುಳಿತಳು. ಅವನು ಅವಳನ್ನೂ ಅವಳ ಮಕ್ಕಳನ್ನೂ ಸಾಕಿದನು. ಕೊನೆಗೆ ಬಿಟ್ಟು ಹೋದನು. ಅವಳ ಕೋಪ, ಅವಳ ಆಸೆ, ಅವಳ ಆಲಸ್ಯ ಎಲ್ಲವನ್ನೂ ನಾವು ತಿಳಿದದ್ದು ಅವನ ಲೇಖನಿಯಿಂದ. 1904ರಲ್ಲಿ ಅವಳು ನೀರಿನ ಪಾಲಾದಳು. ಮಾಯಾಳಿಗೆ ನೋಯುವ ಮೈಯಿಲ್ಲ, ಇವಳಿಗೆ ಇತ್ತು. ಕಾದಂಬರಿಕಾರನು ಇವಳ ಬಾಯಲ್ಲಿ ಇಟ್ಟ ಮಾತನ್ನು ಓದುಗರು ಇವಳ ಮಾತೆಂದೇ ನಂಬಿಬಿಡುತ್ತಾರೆ. ಅಲ್ಲಗಳೆಯಲು ಇವಳದೊಂದು ಕಾಗದವೂ ನಮ್ಮ ಕೈಯಲ್ಲಿಲ್ಲ.

ಆದುದರಿಂದ ಕಲ್ಪನೆಯೇ ಕೂಡದೆಂದು ನಾನು ಹೇಳುವುದಿಲ್ಲ. ಕಾಗದ ಬರೆದವನ ಪರವಾಗಿ ಕಾಗದವೇ ವಾದಿಸುತ್ತದೆ. ಕಾದಂಬರಿಕಾರನೂ ಅದೇ ವಾದವನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದರೆ ಅವನಿಂದ ಆದ ಉಪಕಾರವೇನು? ಕಲ್ಪನಾಶಕ್ತಿಯ ಅಗತ್ಯವಿರುವುದು ಬರೆಯದೆ ಹೋದವರಿಗೆ. ಅವರ ವಿಷಯದಲ್ಲಿ ತೀರ್ಪು ಕೊಡುವ ಮುನ್ನ ಲೇಖಕನು ಒಂದು ಗಳಿಗೆ ತಡೆದು, ತನ್ನ ಮುಂದಿರುವ ಕಾಗದಕ್ಕೆ ಅವರು ಏನು ಉತ್ತರ ಬರೆಯುತ್ತಿದ್ದರೆಂದು ಕೇಳಿಕೊಳ್ಳಲಿ. ಪರರ ಕಾಗದವನ್ನು ಒಡೆದ ತಪ್ಪಿಗೆ ಅಷ್ಟಾದರೂ ಪ್ರಾಯಶ್ಚಿತ್ತ ಬೇಡವೇ?